ಬೀಗರ ಕೈಯಲ್ಲಿ ವೈಪರಿನ ದಾರ

ವೈಪರಿನ ರಬ್ಬರು ಬದಲಿಸುವುದು ಚಹಾ ಆರುವಷ್ಟರಲ್ಲಿ ಮುಗಿಯುವ ಕೆಲಸ ಎಂದು ನಾನು ನಂಬಿದ್ದೆ. ನಂಬಿ ಸುಮ್ಮನಿದ್ದರೆ ಚೆನ್ನಾಗಿತ್ತು. ಹೆಂಡತಿಗೂ ಹೇಳಿಬಿಟ್ಟೆ!

ಆಗ ನಾವು ಭಾಂಡುಪ್‌ನಲ್ಲಿದ್ದೆವು. ನಮ್ಮ ಕಚೇರಿಯ ಬಿಳಿ ಸಾಹೇಬರು ವಿಲಾಯತಿಗೆ ಹೊರಟಾಗ ತಮ್ಮ ಹಳೆಯ ಪುಟ್ಟ ಕಾರನ್ನು ನನಗೆ ದಾಟಿಸಿ ಹೋಗಿದ್ದರು. ಅದಕ್ಕಿದ್ದದ್ದು ಒಂದೇ ವೈಪರು. ಅದರ ರಬ್ಬರು ಸವೆದು, ಮಳೆನೀರನ್ನು ಒರೆಸುವ ಬದಲು ಗಾಜಿನ ತುಂಬ ಸಮನಾಗಿ ಹಂಚುತ್ತಿತ್ತು.

ಆ ಭಾನುವಾರ ನನ್ನ ನಾದಿನಿ ವಿಮಲಾಳನ್ನು ನೋಡಲು ಬಿಜಾಪುರದಿಂದ ದೇಸಾಯರು ಮಗನೊಂದಿಗೆ ಬರುವವರಿದ್ದರು. ತಂದೆತಾಯಿಯಿಲ್ಲದ ಹುಡುಗಿ, ಅವಳಿಗೆ ನಾವೇ ದಿಕ್ಕು. ಹಿಂದೊಂದು ಸಂಬಂಧ ಕೊನೆಗಳಿಗೆಯಲ್ಲಿ ತಪ್ಪಿತ್ತು. ಹೀಗಾಗಿ ಹೆಂಡತಿ ಇಂದಿರಾಗೆ ಬೆಳಗಿನಿಂದಲೇ ಎದೆ ಡವಡವ.

“ರೀ, ದಾದರ್ ಸ್ಟೇಷನ್ನಿಂದ ಅವರನ್ನ ಟ್ಯಾಕ್ಸಿಯೊಳಗ ಕರಕೊಂಡ ಬರ್ರಿ,” ಎಂದಳು.

“ಮನಿಯಾಗ ಕಾರ್ ಇಟಗೊಂಡು ಟ್ಯಾಕ್ಸಿ? ಬೀಗರ ಮುಂದ ಮರ್ಯಾದಿ ಏನ ಉಳೀತದ?”

ಮರ್ಯಾದೆ ಉಳಿಸುವ ಕಾರ್ಯ ಅಂಗಳದಲ್ಲಿ ವಿಧ್ಯುಕ್ತವಾಗಿ ಆರಂಭವಾಯಿತು. ಹೊಸ ರಬ್ಬರು ಬೇಕಾದ್ದಕ್ಕಿಂತ ಒಂದು ಗೇಣು ಉದ್ದವಿತ್ತು. ಅಡುಗೆಮನೆಯಿಂದ ಈಳಿಗೆ ತಂದು ಕತ್ತರಿಸಿದೆ. ಈಗ ಅರ್ಧ ಗೇಣು ಗಿಡ್ಡವಾಯಿತು! ಪರವಾಗಿಲ್ಲ, ಅರ್ಧ ಗಾಜಾದರೂ ಕಾಣಲಿ ಎಂದು ಅದನ್ನೇ ಸಿಕ್ಕಿಸಿದೆ. ಅದು ಗಾಜಿಗೆ ತಾಗಲಿಲ್ಲ. ತಾಗಲೆಂದು ವೈಪರಿನ ಕಡ್ಡಿಯನ್ನು ಇಕ್ಕಳದಿಂದ ಹಿಡಿದು ತಿರುಚಿದೆ. ಒಳಗೆಲ್ಲೋ ‘ಕಟ್’ ಎಂದಿತು.

ಮೇಲಿನ ಮನೆಯ ಭಟ್ರು ಅದೇ ಹೊತ್ತಿಗೆ ಇಳಿದು ಬಂದರು. ಉಡುಪಿ ಕಡೆಯವರು, ಸ್ಟೇಷನ್ ಹತ್ತಿರ ಹೋಟೆಲು.

“ಎಂತ ಮಾರಾಯ್ರೇ, ರಿಪೇರಿ ಆಯ್ತಾ?”

“ಆಯಿತು,” ಎಂದು ಕಡ್ಡಿಯನ್ನು ಎತ್ತಿ ತೋರಿಸಿದೆ. ಕೈಬಿಟ್ಟೊಡನೆ ಅದು ಜೋತುಬಿತ್ತು. ಗುಂಡಿ ಒತ್ತಿದರೆ ಗುರುಗುಟ್ಟುವ ಸದ್ದು ಮಾತ್ರ, ಕಡ್ಡಿ ಅಲುಗಲಿಲ್ಲ.

“ಪಾಪ, ಅದಕ್ಕೆ ಜೀವವೇ ಇಲ್ಲ ಅಲ್ವಾ?” ಎಂದರು ಭಟ್ರು.

ರೈಲಿನ ಹೊತ್ತಾಗಿತ್ತು. ಆಗ ನನಗೊಂದು ಉಪಾಯ ಹೊಳೆಯಿತು. ಭಟ್ರಿಂದ ಪೊಟ್ಟಣ ಕಟ್ಟುವ ದಾರ ತರಿಸಿ, ಕಡ್ಡಿಯ ಎರಡೂ ಬದಿಗೆ ಕಟ್ಟಿ, ಆ ಕಡೆ ಈ ಕಡೆಯ ಕಿಟಕಿಗಳಿಂದ ಒಳಗೆಳೆದುಕೊಂಡೆ. ಒಬ್ಬರು ಎಳೆದು ಇನ್ನೊಬ್ಬರು ಬಿಟ್ಟರಾಯಿತು! ಆ ಒಬ್ಬರು ಮತ್ತು ಇನ್ನೊಬ್ಬರು ಯಾರೆಂದು ಮಾತ್ರ ಯೋಚಿಸಿರಲಿಲ್ಲ.

ಹೋಗುವಾಗ ಒಂದು ಹನಿ ಬೀಳಲಿಲ್ಲ. ದೇಸಾಯರು ಜರಿ ರುಮಾಲು ಸುತ್ತಿ ಗಂಭೀರವಾಗಿ ನನ್ನ ಪಕ್ಕ ಕೂತರು. ಮಗ ನನ್ನ ಹಿಂದೆ. ಸಯಾನ್ ದಾಟುತ್ತಲೇ ಆಕಾಶ ಹರಿದುಕೊಂಡು ಸುರಿಯಿತು.

“ರಾಯರ, ಈ ದಾರ ಯಾತಕ್ಕ?” ಎಂದರು ದೇಸಾಯರು.

ವಿನಯಪೂರ್ವಕವಾಗಿ ವಿವರಿಸಿದೆ. ಅವರು ನನ್ನನ್ನು ನೋಡಿದರು. ಎದುರಿಗೆ ಲಾರಿಯೊಂದು ಹಾರ್ನ್ ಬಾರಿಸಿತು. ದೇಸಾಯರು ತಕ್ಷಣ ಒಂದು ದಾರ ಹಿಡಿದರು, ಹಿಂದಿನಿಂದ ಮಗ ಇನ್ನೊಂದು!

“ನಾ ಎಳದಾಗ ನೀ ಬಿಡೋ!”

“ಬಿಟ್ಟೇನ್ರೀ ಅಪ್ಪಾ!”

“ಈಗ ನೀ ಎಳಿ!”

ಕಿಟಕಿಗಳು ತೆರೆದಿದ್ದರಿಂದ ಮಳೆ ಗಾಜಿನ ಮೇಲಿಗಿಂತ ಒಳಗೇ ಹೆಚ್ಚು ಬೀಳುತ್ತಿತ್ತು. ಘಾಟ್‌ಕೋಪರ್ ಬರುವ ಹೊತ್ತಿಗೆ ರುಮಾಲಿನ ಬಣ್ಣ ದೇಸಾಯರ ಕೆನ್ನೆಗೆ ಇಳಿದಿತ್ತು. ಭಾಂಡುಪ್‌ಗೆ ತಿರುಗುವಲ್ಲಿ ತಂದೆಮಗ ಇಬ್ಬರೂ ಒಮ್ಮೆಲೇ ಎಳೆದರು. ವೈಪರು ಕಿತ್ತು ಹಾರಿ ಚರಂಡಿ ಸೇರಿತು.

ಗಾಜಿನಾಚೆ ಏನೂ ಕಾಣದು. ಕೊನೆಗೆ ವರ ಮಹಾಶಯನೇ ಕೆಳಗಿಳಿದು, ಪ್ಯಾಂಟು ಮಡಚಿ, ಕೊಡೆ ಹಿಡಿದು ಮುಂದೆ ನಡೆದ. ನಾನು ಪಕ್ಕದ ಕಿಟಕಿಯಿಂದ ಕತ್ತು ಹೊರಹಾಕಿ ಅವನ ಹಿಂದೆ ಕಾರು ಬಿಟ್ಟೆ. ಕಟ್ಟಡದ ಬಾಲ್ಕನಿಗಳೆಲ್ಲ ತುಂಬಿದ್ದವು.

ಇಂದಿರಾ ನಮ್ಮನ್ನು ನೋಡಿದ್ದೇ ಒಳಗೋಡಿದಳು. ವಿಮಲಾ ತಟ್ಟೆಯಲ್ಲಿ ಉಪ್ಪಿಟ್ಟಿನ ಬದಲು ಒಣ ಟವೆಲುಗಳನ್ನು ಹಿಡಿದು ಬಂದಳು. ವರ ತಲೆ ಒರೆಸಿಕೊಳ್ಳುತ್ತ ಅವಳನ್ನು ನೋಡಿ ನಕ್ಕ. ಅವಳಿಗೂ ನಗು ತಡೆಯಲಾಗಲಿಲ್ಲ. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಉಪ್ಪಿಟ್ಟು ಮುಗಿಸಿ ದೇಸಾಯರು ಗಂಟಲು ಸರಿಮಾಡಿಕೊಂಡರು. “ಹುಡುಗಿ ನಮಗ ಒಪ್ಪಿಗಿ ಅದಾಳ. ಆದರ ಒಂದು ಕರಾರು.”

ಇಂದಿರಾಳ ಮುಖ ಬಿಳುಚಿತು.

“ವಾಪಸ್ ನಾವು ಲೋಕಲ್‌ನಾಗ ಹೋಗ್ತೀವಿ.”

ಅವರನ್ನು ದಾದರ್‌ವರೆಗೆ ಬಿಟ್ಟುಬರಲು ನಾನೂ ಲೋಕಲ್ ಹತ್ತಬೇಕಾಯಿತು. ಸ್ಟೇಷನ್ನಿಗೆ ಬಂದಿದ್ದ ಇಂದಿರಾ ಕಿಟಕಿಯ ಹತ್ತಿರ ಬಂದು, ಬೀಗರಿಗೆ ಕೇಳುವಂತೆಯೇ ಹೇಳಿದಳು: “ರೀ, ರೈಲಿನ ಡಬ್ಬಿಯೊಳಗ ಏನನ್ನೂ ಮುಟ್ಟಬ್ಯಾಡ್ರಿ!”

ದಾದರ್ ಬರುವವರೆಗೂ ನಾನು ಕೈಕಟ್ಟಿಕೊಂಡೇ ಕೂತಿದ್ದೆ.