ಮೂರು ಸೆಕೆಂಡಿನ ಮೇಷ್ಟ್ರು

ಸಿಗ್ನಲ್ಲಿನಲ್ಲಿ ಹಸಿರು ದೀಪ ಎರಡು ಸಲ ಬಂದು ಹೋದರೂ ಔಷಧಿ ಅಂಗಡಿಯವರು ಕಾರನ್ನು ಕದಲಿಸಲಾಗದೆ ಕೂತಿದ್ದರು. ಮೂರನೆಯ ಸಲ ಹಿಂದಿನ ಗಾಡಿಗಳಿಂದ ನಾಲ್ಕೈದು ಜನ ಇಳಿದು ಬಂದು, ಕಾರನ್ನು ಅವರ ಸಮೇತ ಪಕ್ಕಕ್ಕೆ ತಳ್ಳಿ, ತಮ್ಮ ದಾರಿ ಹಿಡಿದರು. ಇಷ್ಟೇ ಆಗಿದ್ದರೆ ಅದು ಅವರೊಬ್ಬರ ಮರ್ಯಾದೆಯ ವಿಷಯ. ಆದರೆ ಕಾರಿನ ಹಿಂದಿನ ಗಾಜಿಗೆ ಅವರು ಕಲಿತ ಡ್ರೈವಿಂಗ್ ಶಾಲೆಯ ಸ್ಟಿಕ್ಕರ್ ಅಂಟಿಸಿತ್ತು. ತಳ್ಳಿದವರೆಲ್ಲ ಅದನ್ನು ಬಹಳ ಹತ್ತಿರದಿಂದ ಓದಿದ್ದರು.

ಬೆಳಿಗ್ಗೆ ಒಂಬತ್ತಕ್ಕೆಲ್ಲ ಅವರು ಶಾಲೆಯ ಬಾಗಿಲಲ್ಲಿ ನಿಂತು ಕೂಗಾಡುತ್ತಿದ್ದರು.

"ಕ್ಲಚ್ಚಿಂದ ಕಾಲು ತೆಗಿಯೋಕೇ ಭಯ ಕಣ್ರೀ! ತೆಗೆದ್ರೆ ಗಾಡಿ ಆಫ್ ಆಗುತ್ತೆ ಅಂತ. ಇಲ್ಲಿ ಕಲಿಯುವಾಗ ನೂರು ಸಲ ಆಫ್ ಆಗಿದೆ, ಅದೇ ಮನಸ್ಸಲ್ಲಿ ಕೂತುಬಿಟ್ಟಿದೆ."

ಶಾಲೆಯ ಯಜಮಾನರು ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಆ ಶಾಲೆಯಲ್ಲಿ ಹದಿನೆಂಟು ವರ್ಷದಿಂದ ಕಾರು ಕಲಿಸುತ್ತ ಬಂದವರು. ಊರಿನ ಅರ್ಧ ಜನ ಡ್ರೈವರುಗಳು ಅವರ ಶಿಷ್ಯರು. ಊರಿನ ಟ್ರಾಫಿಕ್ ಜಾಮುಗಳಲ್ಲಿ ಅರ್ಧವೂ ಅವರದೇ ಕೊಡುಗೆ ಎಂದು ಅವರನ್ನು ಕಂಡರಾಗದವರು ಹೇಳುತ್ತಿದ್ದರು.

"ನಾನು ಹೇಳಿದ್ದು ಇವರ ಕಿವಿಗೆ ಬೀಳುತ್ತೆ ಸಾರ್, ಕಾಲಿಗೆ ಇಳಿಯಲ್ಲ," ಎಂದರು ಮೇಷ್ಟ್ರು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ." ಈ ಗಾದೆಯನ್ನು ಅವರು ದಿನಕ್ಕೊಂದು ಸಲವಾದರೂ ಯಾರಾದರೊಬ್ಬ ಶಿಷ್ಯರಿಗೆ ಹೇಳುತ್ತಿದ್ದರು. ಇವತ್ತಿನದು ಬೆಳಿಗ್ಗೆಯೇ ಮುಗಿಯಿತು.

ಯಜಮಾನರಿಗೆ ಗಾದೆ ಬೇಕಿರಲಿಲ್ಲ, ಶಾಲೆಯ ಹೆಸರು ಉಳಿಯಬೇಕಿತ್ತು. ಬೀದಿಯ ಆ ತುದಿಯಲ್ಲಿ ಇನ್ನೊಂದು ಡ್ರೈವಿಂಗ್ ಶಾಲೆ ಬೇರೆ ತೆರೆದಿತ್ತು. ಅವರು ಮೇಜು ಗುದ್ದಿ ನಿಂತ ನಿಲುವಿನಲ್ಲೇ ಒಂದು ಹೊಸ ಕೋರ್ಸು ಹುಟ್ಟಿಸಿದರು. ನಿಂತ ಕಾರನ್ನು ಚಕ್ಕನೆ ಮುಂದಕ್ಕೆ ಹಾರಿಸುವ ಕೋರ್ಸು.

"ಇವತ್ತು ಸಂಜೆ ನಾಲ್ಕಕ್ಕೆ ಮೈದಾನದಲ್ಲಿ ಎಲ್ಲರ ಮುಂದೆ ತೋರಿಸೋಣ. ನಿಂತ ಕಾರು ಮೂರೇ ಸೆಕೆಂಡಲ್ಲಿ ಹದಿನೈದು ಹೆಜ್ಜೆ ದೂರದ ಬಿಳಿ ಗೆರೆ ದಾಟಬೇಕು. ಮೇಷ್ಟ್ರೇ, ದಾಟಿಸಿದ್ರೆ ನೀವೇ ಹೆಡ್ ಮೇಷ್ಟ್ರು. ಇಲ್ಲಾಂದ್ರೆ ನನ್ನ ಭಾಮೈದ ಇದಾನೆ. ನೀವು ಒಳಗೆ ಕೂತು ಅರ್ಜಿ ತುಂಬಿಸ್ತಾ ಇರಿ."

ಬಾಗಿಲ ಹತ್ತಿರ ನಿಂತು ಬೆರಳಲ್ಲಿ ಕೀ ಗೊಂಚಲು ತಿರುಗಿಸುತ್ತಿದ್ದ ಭಾಮೈದ ಮುಗುಳ್ನಕ್ಕ. ಅವನು ಈ ಶಾಲೆಗೆ ಸೇರಿ ಮೂರು ತಿಂಗಳಾಗಿತ್ತು. ನಗು ಮಾತ್ರ ಆಗಲೇ ಮಾಲೀಕನದು.

ಮೇಷ್ಟ್ರಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಗುಟ್ಟಿತ್ತು. ಅವರು ಡ್ರೈವರ್ ಸೀಟಿನಲ್ಲಿ ಕೊನೆಯ ಸಲ ಕೂತು ಹದಿನೆಂಟು ವರ್ಷವಾಗಿತ್ತು. ದಿನವಿಡೀ ಶಿಷ್ಯರ ಪಕ್ಕದ ಎಡಗಡೆ ಸೀಟು, ಸಂಜೆ ಮನೆಗೆ ಬಸ್ಸು. ಪಾಠದ ಕಾರಿನಲ್ಲಿ ಮೇಷ್ಟ್ರ ಕಡೆಗೆಂದು ಜೋಡಿಸಿದ ಪೆಡಲುಗಳಲ್ಲಿ ಕ್ಲಚ್ಚುಂಟು, ಬ್ರೇಕುಂಟು, ಆಕ್ಸಿಲರೇಟರ್ ಇಲ್ಲ. ಹೀಗಾಗಿ ಆ ಮೂರನೆಯ ಪೆಡಲಿನ ಬಗ್ಗೆ ಅವರಿಗೆ ಉಳಿದಿದ್ದದ್ದು ಬಾಯಿಪಾಠ ಮಾತ್ರ, ದಂಡೆಯ ಮೇಲೆ ನಿಂತೇ ಈಜು ಕಲಿಸುವವರ ಹಾಗೆ.

ಹತ್ತು ಗಂಟೆಗೆ ಹೆಂಡತಿಯ ಫೋನು ಬಂತು. ಸುದ್ದಿ ಮನೆ ಮುಟ್ಟಲು ಮೂರು ಸೆಕೆಂಡೂ ಬೇಕಾಗಿರಲಿಲ್ಲ.

"ಹೆಡ್ ಮೇಷ್ಟ್ರಾದ್ರೆ ಸಂಜೆ ಕಾರು ಮನೆಗೇ ತರಬಹುದಂತೆ, ಹೌದೇನ್ರೀ?"

"ಇನ್ನೂ ಆಗಿಲ್ಲ ಕಣೇ."

"ಅಕ್ಕನಿಗೆ ಆಗಿದೆ ಅಂತ್ಲೇ ಹೇಳಿದೀನಿ. ಡ್ರೈವಿಂಗ್ ಮೇಷ್ಟ್ರ ಹೆಂಡತಿ ಅಂತ ಹೇಳ್ಕೊಂಡು ಬಸ್ಸಲ್ಲಿ ನೇತಾಡಿ ನೇತಾಡಿ ನಂಗೂ ಸಾಕಾಗಿದೆ."

ಅಭ್ಯಾಸಕ್ಕೆ ಅವರು ಶಾಲೆಯ ಮೆಕ್ಯಾನಿಕ್ಕನನ್ನು ಕರೆದುಕೊಂಡು ಹಿಂದಿನ ಖಾಲಿ ಜಾಗಕ್ಕೆ ಹೋದರು. ಅವನು ಆ ವಿದ್ಯೆಯ ಗುಟ್ಟನ್ನು ಬಿಡಿಸಿ ಹೇಳಿದ.

"ಕ್ಲಚ್ ಬಿಡ್ತಾ ಬಿಡ್ತಾ ಒಂದು ಜಾಗ ಬರುತ್ತೆ ಸಾರ್, ಕಾರು ಮೂಗೆತ್ತುತ್ತೆ. ಅಲ್ಲೇ ಕಾಲು ತಡೀರಿ. ಇನ್ನೊಂದು ಕಾಲಲ್ಲಿ ಆಕ್ಸಿಲರೇಟರ್ ಹದವಾಗಿ ಕೊಡಿ. ಹ್ಯಾಂಡ್ ಬ್ರೇಕ್ ಇಳಿಸಿ. ಬಾಣದ ಹಾಗೆ ಹೋಗುತ್ತೆ."

ಇದೇ ಮಾತನ್ನು ಮೇಷ್ಟ್ರು ಸಾವಿರಾರು ಜನಕ್ಕೆ ಹೇಳಿದ್ದರು. ಈಗ ಬಲಗಡೆ ಕೂತು ಕ್ಲಚ್ ಬಿಟ್ಟರು. ಕಾರು ಮೂಗೆತ್ತಿತು. ಅವರ ಬಲಗಾಲು ಮಾತ್ರ ಆಕ್ಸಿಲರೇಟರನ್ನು ಬಿಟ್ಟು ನೇರವಾಗಿ ಬ್ರೇಕಿನ ಮೇಲೆ ಹೋಗಿ ಕೂತಿತು. ಕಾರು ಒಮ್ಮೆ ಸೀನಿ ಆಫ್ ಆಯಿತು. ಹೀಗೇ ಮೂರು ಸಲ ಆಯಿತು.

ಬಿಟ್ಟಿ ಸಲಹೆ ಕೊಡಲು ಭಾಮೈದ ಹಿಂದೆಯೇ ಬಂದಿದ್ದ. "ಅಷ್ಟೆಲ್ಲ ಹದ ಪದ ಬೇಡ ಮೇಷ್ಟ್ರೇ. ಆಕ್ಸಿಲರೇಟರ್ ಪೂರ್ತಿ ತುಳೀರಿ, ಕ್ಲಚ್ ಫಟ್ ಅಂತ ಬಿಡಿ!"

ಮೇಷ್ಟ್ರು ಬಗ್ಗಿ, ಕಣ್ಣಾರೆ ನೋಡಿ, ಸರಿಯಾದ ಪೆಡಲಿನ ಮೇಲೆಯೇ ಕಾಲಿಟ್ಟು ಪೂರ್ತಿ ತುಳಿದರು. ಕ್ಲಚ್ ಫಟ್ ಎಂದು ಬಿಟ್ಟರು. ಚಕ್ರಗಳು ನಿಂತಲ್ಲೇ ಗಿರಗಿರ ತಿರುಗಿ, ಆ ಜಾಗದ ಧೂಳನ್ನೆಲ್ಲ ಎಬ್ಬಿಸಿ ಪಕ್ಕದ ಲಾಂಡ್ರಿಯ ಅಂಗಳಕ್ಕೆ ಕಳಿಸಿದವು. ಆಮೇಲೆ ಕಾರು ಕಪ್ಪೆಯ ಹಾಗೆ ಎರಡು ಸಲ ಕುಪ್ಪಳಿಸಿ ಬೇಲಿಗೆ ಮುಖವಿಟ್ಟು ನಿಂತಿತು.

ಲಾಂಡ್ರಿಯವನು ಒದ್ದೆ ಬಟ್ಟೆಗಳ ರಾಶಿ ಹೊತ್ತು ಬಂದ. "ಇದರಲ್ಲಿ ಬಿಳಿ ಶರ್ಟು ಯಾವುದು, ಖಾಕಿ ಶರ್ಟು ಯಾವುದು, ನೀವೇ ಆರಿಸಿ ಕೊಡಿ ಮೇಷ್ಟ್ರೇ," ಎಂದ. ಅವನನ್ನು ಸಮಾಧಾನ ಮಾಡಿ ಕಳಿಸುವುದರೊಳಗೆ ಮಧ್ಯಾಹ್ನವಾಯಿತು.

"ಕಾರೂ ಸ್ವಲ್ಪ ಭಾರ ಸಾರ್," ಎಂದು ಮೆಕ್ಯಾನಿಕ್ ಕನಿಕರದಿಂದ ಹೇಳಿದ. "ಸ್ಟೆಪ್ನಿ, ಜಾಕು, ಹಿಂದಿನ ಸೀಟು, ಬೇಡದ್ದೆಲ್ಲ ತೆಗೆದುಬಿಡ್ಲಾ? ಹಗುರಾದ್ರೆ ತಾನೇ ಏಳುತ್ತೆ."

"ಏನು ಬೇಕಾದ್ರೂ ತೆಗಿಯಪ್ಪ," ಎಂದು ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ಕೂತರು.

ಮೂರು ಗಂಟೆಗೆ ಟೈಲರಮ್ಮ ಎಂದಿನ ಪಾಠಕ್ಕೆ ಬಂದಳು. ಇಪ್ಪತ್ತು ವರ್ಷದಿಂದ ಹೊಲಿಗೆ ಮೆಷಿನ್ ತುಳಿಯುತ್ತಿದ್ದ ಹೆಂಗಸು. ಲೈಸೆನ್ಸ್ ಪರೀಕ್ಷೆಯಲ್ಲಿ ಆರು ಸಲ ಫೇಲಾಗಿದ್ದಳು, ಆರು ಸಲವೂ ಕಾರು ಹೊರಡುವ ಮೊದಲೇ. ಅವಳನ್ನು ನೋಡಿದ್ದೇ ಮೇಷ್ಟ್ರ ಕಣ್ಣು ಮಿಂಚಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಉಪಾಯ ಹೊಳೆದಿತ್ತು. ಅವರು ಯಜಮಾನರ ಹತ್ತಿರ ಓಡಿದರು.

"ಸಾರ್, ಮೇಷ್ಟ್ರು ಓಡಿಸಿದ್ರೆ ಏನು ದೊಡ್ಡಸ್ತಿಕೆ? ಶಿಷ್ಯರ ಕೈಲಿ ಓಡಿಸಬೇಕು. ಅದೂ ಎಲ್ಲರಿಗಿಂತ ಹಿಂದುಳಿದ ಶಿಷ್ಯೆ ಕೈಲಿ. ನಾನು ಪಕ್ಕದಲ್ಲಿ ಕೂತು ಹೇಳ್ಕೊಡ್ತೀನಿ."

ಯಜಮಾನರಿಗೆ ಕಣ್ಣು ತುಂಬಿ ಬಂತು. "ಇದು ಗುರು ಅಂದ್ರೆ!"

ಕಾರು ಆಫ್ ಆದರೆ ತಪ್ಪು ಟೈಲರಮ್ಮನದು. ಹದಿನೆಂಟು ವರ್ಷದ ಪದ್ಧತಿಯೇ ಅದು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದುಕೊಂಡು ಮೇಷ್ಟ್ರು ಮೊದಲ ಸಲ ನೆಮ್ಮದಿಯಾಗಿ ನೀರು ಕುಡಿದರು.

ನಾಲ್ಕು ಗಂಟೆಗೆ ಮೈದಾನದ ಸುತ್ತ ಹಳೆಯ ಶಿಷ್ಯರು, ಹೊಸದಾಗಿ ಸೇರಬೇಕೆಂದವರು, ಬೀದಿ ತುದಿಯ ಶಾಲೆಯ ಗೂಢಚಾರರು ಎಲ್ಲ ಸೇರಿದ್ದರು. ಔಷಧಿ ಅಂಗಡಿಯವರು ಮುಂದಿನ ಸಾಲಿನಲ್ಲಿದ್ದರು. ಟೈಲರಮ್ಮ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಕೂತಿದ್ದಳು.

"ನನ್ನ ಕೈಲಾಗಲ್ಲ ಮೇಷ್ಟ್ರೇ. ನಿಮ್ಮ ಮರ್ಯಾದೆ ಹೋಗುತ್ತೆ."

"ಹೋದ್ರೆ ಹೋಗ್ಲಮ್ಮ. ಆಗದಿದ್ರೂ ನಿನ್ನನ್ನ ಬೈಯಲ್ಲ," ಎಂದರು ಮೇಷ್ಟ್ರು, ಹಿಂದೆಂದೂ ಇಲ್ಲದ ಔದಾರ್ಯದಿಂದ.

ಯಜಮಾನರು ಸೀಟಿ ಊದಿದರು. ಟೈಲರಮ್ಮನ ಎಡಗಾಲು ಕ್ಲಚ್ಚನ್ನು ನವಿರಾಗಿ ಬಿಟ್ಟಿತು, ಬಲಗಾಲು ದಪ್ಪ ಬಟ್ಟೆಗೆ ಹೊಲಿಗೆ ಹಾಕುವ ಹದದಲ್ಲಿ ಆಕ್ಸಿಲರೇಟರ್ ಒತ್ತಿತು. ಕಾರು ಮೂಗೆತ್ತಿತು. ಮೂಗೆತ್ತಿದ ಕೂಡಲೇ ಮೇಷ್ಟ್ರ ಬಲಗಾಲು ತಾನಾಗಿಯೇ ಮುಂದೆ ಹೋಗಿ ಬ್ರೇಕ್ ಒತ್ತಿತು. ಅಲ್ಲಿ ಬ್ರೇಕ್ ಇರಲಿಲ್ಲ. ಬರೀ ಮ್ಯಾಟಿತ್ತು. ಇನ್ನೊಮ್ಮೆ ಒತ್ತಿದರು, ಎರಡೂ ಕಾಲಲ್ಲಿ ಒತ್ತಿದರು. ಕಾರು ಬಾಣದಂತೆ ಹಾರಿ ಬಿಳಿ ಗೆರೆ ದಾಟಿತು. ಟೈಲರಮ್ಮ ಚೊಕ್ಕವಾಗಿ ನಿಲ್ಲಿಸಿದಳು.

"ಎರಡೂವರೆ ಸೆಕೆಂಡು!" ಎಂದು ಭಾಮೈದ ವಾಚು ನೋಡಿ ಅಳುವ ದನಿಯಲ್ಲಿ ಕೂಗಿದ.

ಮೈದಾನ ಚಪ್ಪಾಳೆಯಿಂದ ತುಂಬಿತು. ಯಜಮಾನರು ಓಡಿ ಬಂದು ಮೇಷ್ಟ್ರನ್ನು ಹೊರಗೆಳೆದು ಅಪ್ಪಿಕೊಂಡರು. ತಮ್ಮ ಕಾಲು ಇಷ್ಟು ವರ್ಷ ಏನು ಮಾಡುತ್ತಿತ್ತು ಎಂಬುದು ಮೇಷ್ಟ್ರಿಗೆ ಆ ಎರಡೂವರೆ ಸೆಕೆಂಡಿನಲ್ಲಿ ತಿಳಿದುಹೋಗಿತ್ತು. ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಆದರೂ ಬೇರೆ ಯಾರಿಗೂ ತಿಳಿದಿಲ್ಲವಲ್ಲ ಎಂದು ಸುಮ್ಮನೆ ಕೈ ಮುಗಿದರು.

ಅಷ್ಟರಲ್ಲಿ ಮೆಕ್ಯಾನಿಕ್ ಜನರನ್ನು ಸರಿಸಿಕೊಂಡು ಬಂದ. ಕೈಯಲ್ಲಿ ಎರಡು ಪೆಡಲುಗಳಿದ್ದವು.

"ಹಗುರ ಆಗ್ಲಿ ಅಂತ ನಿಮ್ಮ ಕಡೆಯವನ್ನೂ ಬಿಚ್ಚಿದ್ದೆ ಸಾರ್. ಈಗ ವಾಪಸ್ ಹಾಕ್ಲಾ? ಬ್ರೇಕಿನ ರಬ್ಬರ್ ಮತ್ತೆ ಸವೆದುಹೋಗಿದೆ, ವರ್ಷಕ್ಕೆ ಎರಡು ಸಲ ಬದಲಾಯಿಸ್ತೀನಿ ನೋಡಿ. ಡ್ರೈವರ್ ಕಡೇದು ಹತ್ತು ವರ್ಷದಿಂದ ಹೊಸದರ ಹಾಗೇ ಇದೆ."

ಯಜಮಾನರು ಪೆಡಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಮುಂದಿನ ಸಾಲಿನಲ್ಲಿ ಔಷಧಿ ಅಂಗಡಿಯವರು ನಿಧಾನವಾಗಿ ಎದ್ದು ನಿಂತರು.

"ಆರು ಸಲ, ಮೇಷ್ಟ್ರೇ," ಎಂದಳು ಟೈಲರಮ್ಮ. "ಪರೀಕ್ಷೆ ದಿನಾನೂ ಪಕ್ಕದಲ್ಲಿ ನೀವೇ ಕೂತಿದ್ರಿ."

"ಅದು ನಿನ್ನ ಸುರಕ್ಷತೆಗೆ..." ಎಂದರು ಮೇಷ್ಟ್ರು.

"ಮೇಷ್ಟ್ರು ಒಂದ್ಸಲ ತಾವೇ ಓಡಿಸಿ ತೋರಿಸ್ಲಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ಹದಿನೆಂಟು ವರ್ಷಗಳಲ್ಲಿ ಕಲಿತುಹೋದ ಶಿಷ್ಯರೆಲ್ಲ ದನಿಗೂಡಿಸಿದರು.

"ನ್ಯಾಯವಾದ ಮಾತು," ಎಂದರು ಯಜಮಾನರು. "ಗೆರೆ ದಾಟಿಸಿದ್ದು ಟೈಲರಮ್ಮ. ನೀವು ದಾಟಿಸಿ, ಪದವಿ ನಿಮ್ದೇ."

ಕಾರನ್ನು ಹಿಂದಕ್ಕೆ ತಂದು ನಿಲ್ಲಿಸಿದರು. ಮೇಷ್ಟ್ರು ಬಲಗಡೆ ಕೂತರು. ಟೈಲರಮ್ಮ ಸುತ್ತು ಹಾಕಿ ಬಂದು ಎಡಗಡೆ ಕೂತು, ಸೆರಗು ಸರಿಮಾಡಿಕೊಂಡು, ಕಾಲೆರಡನ್ನೂ ಸೀಟಿನ ಮೇಲೆ ಮಡಚಿಟ್ಟುಕೊಂಡಳು.

"ಹೆದರ್ಕೋಬೇಡಿ ಮೇಷ್ಟ್ರೇ," ಎಂದಳು ಸಮಾಧಾನವಾಗಿ. "ಈ ಕಡೆ ಪೆಡಲೇ ಇಲ್ಲ. ಆಫ್ ಆದ್ರೆ ನಿಮ್ಮಿಂದಲೇ ಆಗಬೇಕು."

ಯಜಮಾನರು ಸೀಟಿ ಊದಿದರು. ಕಾರು ಮೂಗೆತ್ತಿತು. ಮೇಷ್ಟ್ರ ಬಲಗಾಲು ತನಗೆ ಗೊತ್ತಿದ್ದ ಒಂದೇ ಪೆಡಲನ್ನು ಹುಡುಕಿಕೊಂಡು ಹೋಯಿತು.