ಬರೀ ಪೂಜೆಗೊಂದು ಸ್ಕೂಟರ್

ಧೈರ್ಯದ ಬಗ್ಗೆ ಭಾಷಣ ಮಾಡುವವರೆಲ್ಲ ಒಂದೇ ಮಾತು ಹೇಳುತ್ತಾರೆ: ಮೊದಲ ಹೆಜ್ಜೆ ಇಡಿ, ಉಳಿದದ್ದು ತಾನೇ ಆಗುತ್ತದೆ. ದಿನಾ ಬೆಳಿಗ್ಗೆ ಮೊಬೈಲಿಗೂ ಗುಡ್ ಮಾರ್ನಿಂಗ್ ಜೊತೆ ಈ ಉಪದೇಶ ಬರುತ್ತದೆ, ಗುಲಾಬಿ ಹೂವಿನ ಮೇಲೆ ಬರೆಸಿಕೊಂಡು. ಕಳಿಸುವವರು ಸೋಫಾ ಬಿಟ್ಟು ಎದ್ದವರಲ್ಲ. ನಾನೂ ಎದ್ದವಳಲ್ಲ, ಆದರೆ ನನ್ನ ಅಂಜಿಕೆಗೆ ಒಳ್ಳೆಯ ಎಜುಕೇಶನ್ ಆಗಿದೆ. ಕಾನ್ವೆಂಟಿನ ಸಿಸ್ಟರುಗಳು 'ಲುಕ್ ಬಿಫೋರ್ ಯು ಲೀಪ್' ಎಂದು ಪುಟಗಟ್ಟಲೆ ಕಾಪಿ ಬರೆಸಿದ್ದರು. ನಾನು ಒಬಿಡಿಯೆಂಟ್ ಹುಡುಗಿ. ಎಪ್ಪತ್ತು ದಾಟುವವರೆಗೂ ಲುಕ್ ಮಾಡುತ್ತಲೇ ಇದ್ದೆ.

ನನ್ನ ಆಸೆ ದೊಡ್ಡದೇನಲ್ಲ. ಗಂಗಾವತಿಯ ನಮ್ಮ ಮನೆಯಿಂದ ಸಾಣಾಪುರದ ಕೆರೆಗೆ ಸ್ವಂತ ಗಾಡಿ ಓಡಿಸಿಕೊಂಡು, ಒಬ್ಬಳೇ, ಯಾರನ್ನೂ ಕೇಳದೆ ಹೋಗಿ, ದಂಡೆಯ ಮೇಲೆ ಸುಮ್ಮನೆ ಕೂತು ಬರಬೇಕು. ಒಮ್ಮೆ ಯಜಮಾನರ ಬೈಕಿನ ಹಿಂದೆ ಕೂತು ಅಲ್ಲಿಗೆ ಹೋದಾಗ, ಫಾರಿನ್ ಹುಡುಗಿಯರು ಬಾಡಿಗೆ ಮೊಪೆಡ್ ಮೇಲೆ ಕೂದಲು ಹಾರಿಸಿಕೊಂಡು ಹೋಗುವುದನ್ನು ಕಂಡಿದ್ದೆ. ಆಗ ನನ್ನ ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ಯಜಮಾನರ ಅಂಗಿ, ತೊಡೆಯ ಮೇಲೆ ಬುತ್ತಿಗಂಟು. ಮದುವೆಯಾದಾಗಿನಿಂದ ನಾನು ನೋಡಿದ ಲ್ಯಾಂಡ್‌ಸ್ಕೇಪ್ ಎಂದರೆ ಯಜಮಾನರ ಬೆನ್ನು. ಒಳ್ಳೆಯ ಬೆನ್ನೇ, ಆದರೆ ಸೀನರಿ ಬದಲಾಗುವುದಿಲ್ಲ.

ಅವರ ಕಣ್ಣು ಮಂಜಾಗಿ ಬೈಕ್ ಮಾರಿದ ಮೇಲೆ ಹಟ ಹಿಡಿದು ಒಂದು ಎಲೆಕ್ಟ್ರಿಕ್ ಸ್ಕೂಟರ್ ಕೊಂಡೆ. ಲೈಸನ್ಸ್ ಬೇಡದ, ಎಮ್ಮೆಯ ಸ್ಪೀಡಿನದು. ಇದೇ ಊರಿನಲ್ಲಿ ನರ್ಸ್ ಆಗಿರುವ ನನ್ನ ಅಣ್ಣನ ಮಗಳು ಸವಿತಾ, ಬಯಲಿಗೆ ಕರೆದೊಯ್ದು ಓಡಿಸಲು ಕಲಿಸಿದಳು. ಅಷ್ಟೇ. ಅಲ್ಲಿಂದ ಮುಂದೆ ಸ್ಕೂಟರ್ ಅಂಗಳ ಬಿಟ್ಟು ಕದಲಲಿಲ್ಲ. ನೆಪಗಳಿಗೇನು ಬರ? ನಾಟಿ ಕಾಲದಲ್ಲಿ ರಸ್ತೆಗೆ ಟ್ರ್ಯಾಕ್ಟರಿನ ಕೆಸರು, ಸುಗ್ಗಿಯಲ್ಲಿ ರಸ್ತೆ ತುಂಬ ಒಣಹಾಕಿದ ಭತ್ತ, ಉಳಿದ ದಿನ ಅಕ್ಕಿ ಮಿಲ್ಲಿನ ಲಾರಿ. ಪೂಜೆ ಮಾತ್ರ ತಪ್ಪಲಿಲ್ಲ. ನಮ್ಮ ಕಡೆ ಅಮಾವಾಸ್ಯೆಗೊಮ್ಮೆ ಗಾಡಿ ತೊಳೆದು, ಹೂ ಏರಿಸಿ, ಕಾಯಿ ಒಡೆದು, ಗಾಲಿಯಡಿ ನಿಂಬೆಹಣ್ಣಿಟ್ಟು ಅದರ ಮೇಲೆ ಹಾಯಿಸುತ್ತಾರೆ. ಹಾಯಿಸುವ ಘಟ್ಟ ಬಂದ ಕೂಡಲೇ ನಾನು ನಿಂಬೆಹಣ್ಣು ಎತ್ತಿಕೊಂಡು ಒಳಗೆ ಹೋಗಿ ಶರಬತ್ತು ಮಾಡುತ್ತಿದ್ದೆ. ವೇಸ್ಟ್ ಮಾಡಬಾರದಲ್ಲ.

ಕೊನೆಗೊಂದು ದಿನ ಯಜಮಾನರು, "ಓಣಿ ಮಂದಿ ಅದನ್ನ ದೇವರಂತ ತಿಳದು ಕೈ ಮುಗಿಯಾಕತ್ತಾರ. ಸವಿತಾ ನೋಡಿದ್ರ ದಿನಾ ಆಟೋಕ್ಕ ಕಾಯ್ತಾಳ. ಬರೂ ಅಮಾಸಿ ಪೂಜಿ ಮಾಡಿ ಆಕಿಗೆ ಕೊಟ್ಟಬಿಡು" ಎಂದರು. ನ್ಯಾಯದ ಮಾತು, ಅದಕ್ಕೇ ಸಿಟ್ಟು ಬಂತು. "ಆಗ್ಲಿ ಬಿಡ್ರಿ" ಎಂದೆ, ಭಾಳ ಗ್ರೇಸ್‌ಫುಲ್ ಆಗಿ. ಒಳಗೆ ಹೋಗಿ ಈರುಳ್ಳಿ ಹೆಚ್ಚಿದೆ; ಮರ್ಯಾದೆಯಿಂದ ಅಳುವುದಕ್ಕೆ ಅದಕ್ಕಿಂತ ಒಳ್ಳೆಯ ದಾರಿಯಿಲ್ಲ. ಗಾಡಿ ಹೋದರೆ ಕೆರೆಯೂ ಹೋದಂತೆ. ಈ ವಯಸ್ಸಿಗೆ ಇನ್ನೊಂದು ಗಾಡಿ ಯಾರು ಕೊಡಿಸುತ್ತಾರೆ?

ಅಮಾವಾಸ್ಯೆ ಬಂತು, ಸವಿತಾಳೂ ಬಂದಳು. ಪೂಜೆ ಮುಗಿದ ಮೇಲೆ ರೂಢಿಯಂತೆ ನಿಂಬೆಹಣ್ಣಿಗೆ ಕೈ ಹಾಕಿದೆ. ಆಕೆ ನನ್ನ ಕೈ ಹಿಡಿದಳು.

"ಅತ್ತಿ, ಶರಬತ್ ಸಾಕ್ರಿ. ಇವತ್ತರ ಹಾಯಿಸ್ರಿ. ಆಮ್ಯಾಲ ನಾ ಒಯ್ತೀನಿ."

"ನೀನ ಹಾಯಿಸವಾ. ಇನ್ನ ನಿಂದ ಗಾಡಿ."

"ಅಂಜಿಕಿ ಏನ್ರಿ?"

"ಅಂಜಾಕಿ ಅಲ್ಲಬಿಡು ಆಕಿ," ಎಂದರು ಯಜಮಾನರು ಚಹಾ ಹೀರುತ್ತ, "ಬರೇ ವಿಚಾರ ಮಾಡಾಕಿ."

ಆ 'ಬರೇ' ನಾಟಿತು. ಗಾಡಿ ಏರಿ ಕೂತೆ, ಆಕ್ಸಿಲರೇಟರ್ ತಿರುವಿದೆ. ನಿಂಬೆಹಣ್ಣು ಪಚಕ್ಕೆಂದಿತು, ಗಾಡಿ ಗೇಟು ದಾಟಿ ಬೀದಿಗೆ ಬಂತು. ಅಲ್ಲೇ ಇಳಿದಿದ್ದರೆ ಗಾಡಿ ಸವಿತಾಳದಾಗುತ್ತಿತ್ತು. ಇನ್ನು ನಾಕು ಮಾರು ಹೋಗಿ ಹೊರಳೋಣ ಎಂದುಕೊಂಡೆ. ಆಗ ನೆನಪಾಯಿತು: ಬಯಲಿನಲ್ಲಿ ಯು-ಟರ್ನ್ ಪಾಠದ ದಿನ ನಾನು ಮಂಡಿನೋವೆಂದು ಬಂಕ್ ಮಾಡಿದ್ದೆ. ಹಿಂದಿನಿಂದ "ಅತ್ತಿ, ನಿಂದರ್ರೀ!" ಎಂಬ ಕೂಗು, ಮುಂದೆ ಕೆರೆಯ ಕಡೆಗೆ ಹೋಗುವ ಆನೆಗೊಂದಿ ರಸ್ತೆ. ಮುಂದೆ ಹೋಗಲು ಅಂಜಿಕೆ ಇತ್ತು, ನಿಜ. ಹೊರಳುವ ಅಂಜಿಕೆ ಅದಕ್ಕಿಂತ ದೊಡ್ಡದಿತ್ತು. ಹಾಗಾಗಿ ಹೋದೆ. ಕುರಿಹಿಂಡೊಂದು ನನ್ನನ್ನು ಓವರ್‌ಟೇಕ್ ಮಾಡಿತು ಎಂದರೆ ನೀವು ನಂಬಬೇಕು. ಗದ್ದೆ ಬಂತು, ಕಾಲುವೆ ಬಂತು, ಬಂಡೆಗುಡ್ಡಗಳು ಬಂದವು. ರಸ್ತೆ ಬಾಗಿದ ಕಡೆ ನಾನೂ ಬಾಗಿದೆ. ಕಣ್ಣೆದುರು ಯಾರ ಬೆನ್ನೂ ಇರಲಿಲ್ಲ. ಕೆರೆ ಕಂಡಾಗ ಹಾಡಬೇಕೆನಿಸಿತು. ಆದರೆ ಬ್ರೇಕ್ ಹಿಡಿಯುವುದು ಹೆಚ್ಚು ಅರ್ಜೆಂಟಿತ್ತು.

ದಂಡೆಯ ಮೇಲೆ ಕೂತು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿರುವಾಗ ಯಜಮಾನರ ಫೋನು.

"ಎಲ್ಲದಿ?"

"ಸಾಣಾಪುರ ಕೆರಿ ಮ್ಯಾಲ ಅದೀನ್ರಿ."

ಅತ್ತ ಚಹಾ ಹೀರಿದ ಸದ್ದು. ಆಮೇಲೆ, "ಊಟಕ್ಕ ಬರ್ತೀಯೋ ಇಲ್ಲೋ?"

"ಬರ್ತೀನ್ರಿ. ಸವಿತಾ?"

"ಆಟೋದಾಗ ಡ್ಯೂಟಿಗೆ ಹೋದ್ಲು. ಗಾಡಿ ಅತ್ತೀಕಡೇನ ಇರ್ಲಿ ಅಂದ್ಲು."

ಪಕ್ಕದಲ್ಲಿ ಸೌತೆಕಾಯಿ ಮಾರುತ್ತಿದ್ದ ಹೆಂಗಸು ಎಲ್ಲ ಕೇಳಿಸಿಕೊಂಡು ಸರಿದು ಬಂದಳು. "ಗಂಗಾವತಿಯಿಂದ ಒಬ್ಬಾಕೀನ ಬಂದಿಯೇನಬೇ ಯವ್ವಾ? ಎಂಥಾ ಗಟ್ಟಿ ಗುಂಡಿಗಿ ನಿಂದು! ನಮ್ಮ ಸೊಸಿ ಸೈಕಲ್ ಅಂದ್ರನ ನಡುಗತಾಳ. ಆಕಿಗೆ ಏನಂತ ಬುದ್ಧಿ ಹೇಳ್ಲಿ?"

"ಅಂಜಬಾರದಂತ ಹೇಳವಾ ಆಕಿಗೆ," ಎಂದೆ ಸೆರಗು ಸರಿಮಾಡಿಕೊಂಡು. "ಮನಸ್ಸು ಮಾಡಿದ್ರ ಆತು. ಇಟ್ಸ್ ಆಲ್ ಇನ್ ದಿ ಮೈಂಡ್. ಒಮ್ಮೆ ಹೊಂಟ ಮ್ಯಾಲ ಹಿಂದ ಹೊಳ್ಳಿ ನೋಡಬಾರದು." ಇನ್ನೂ ಒಂದಿಷ್ಟು ಉಪದೇಶಿಸಿದೆ. ಆಕೆ ಬಾಯಿ ತೆರೆದು ಕೇಳಿದಳು.

ಆಮೇಲೆ ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಒಂದೀಟ ಕೈ ಹಚ್ಚವಾ, ಗಾಡಿ ಮುಖ ಊರ ಕಡೆ ಹೊಳ್ಳಿಸಿ ನಿಂದರಸೂಣು" ಎಂದೆ.