ಬಂಗಾರನ ಆಪರೇಷನ್ನಿಗೆ ಹದಿನೇಳು ಪ್ರಶ್ನೆಗಳು

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಮರ್ಯಾದೆ ಇದೆ ಎಂದು ನಂಬಿದವನು ನಾನು. ಪಕ್ಕದ ಮನೆಯವನು ಮೂರನೇ ಮಹಡಿ ಎಬ್ಬಿಸಿದ, ಷಡ್ಡಕ ಕಾರು ತೆಗೆದುಕೊಂಡ, ನಮ್ಮ ಜೊತೆಯಲ್ಲೇ ಕೆಲಸಕ್ಕೆ ಸೇರಿದವನು ಮ್ಯಾನೇಜರ್ ಆದ, ಇಂಥವಕ್ಕೆ ಹೊಟ್ಟೆ ಉರಿದರೆ ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದು. ಕೇಳಿದವರೂ ತಮ್ಮದೊಂದು ಉರಿಯನ್ನು ಹೊರಗೆ ಹಾಕಿ ಹಗುರಾಗುತ್ತಾರೆ. ನನ್ನದು ಹಾಗೆ ಹೇಳಿಕೊಳ್ಳುವಂಥದ್ದಲ್ಲ. ಐವತ್ತಾರು ವರ್ಷ ವಯಸ್ಸಿನ, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿ ಮುಗಿಸಿದ, ಜಿಗಣಿಯ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಎನ್ನಿಸಿಕೊಂಡಿರುವ ನಾನು, ನಮ್ಮ ಮನೆಯ ನಾಯಿಯ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೇನೆ. ಇದನ್ನು ಯಾರ ಮುಂದೆ ಹೇಳಲಿ? ಹೇಳಿದರೆ ನಗುತ್ತಾರೆ. ನಾಯಿಗೆ ಹೇಳಿದರೆ ಅದು ಬಾಲ ಅಲ್ಲಾಡಿಸುತ್ತದೆ, ಅದನ್ನು ಕಂಡರೆ ಇನ್ನೂ ಉರಿಯುತ್ತದೆ.

ನಾವು ಜಿಗಣಿಯಲ್ಲಿ ಕಾರ್ಖಾನೆಗಳು ಬರುವುದಕ್ಕೆ ಮೊದಲಿನಿಂದ ಇರುವವರು. ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆಯೇ ಈಗ ನಾನು ಪಂಪಿನ ಬಿಡಿಭಾಗಗಳನ್ನು ಅಳೆಯುವ ಶೆಡ್ಡು ಇದೆ. ಆ ಕಾಲದಲ್ಲೂ ನಮ್ಮ ಮನೆಯಲ್ಲಿ ನಾಯಿ ಇತ್ತು. ಅದು ಹಿತ್ತಲಲ್ಲಿ ಮಲಗುತ್ತಿತ್ತು, ಮಿಕ್ಕಿದ ಮುದ್ದೆ ತಿನ್ನುತ್ತಿತ್ತು, ಸತ್ತಾಗ ಅಪ್ಪ ಒಂದು ಹೊತ್ತು ಊಟ ಬಿಟ್ಟ, ಅಲ್ಲಿಗೆ ಮುಗಿಯಿತು. ಈಗಿನದು ಹಾಗಲ್ಲ. ಒಂದೂವರೆ ವರ್ಷದ ಹಿಂದೆ ನನ್ನ ಹೆಂಡತಿ ಜಯಮ್ಮ ರಾಗಿ ಬೀಸಿಸಲು ಗಿರಣಿಗೆ ಹೋದವಳು, ಸೊಂಟದಲ್ಲಿ ಹಿಟ್ಟಿನ ಡಬ್ಬ, ಸೆರಗಿನಲ್ಲಿ ಒಂದು ಮರಿ, ಹೀಗೆ ಬಂದಳು. ಕಂದುಬಣ್ಣದ ನಾಟಿ ಮರಿ. ಮೈಯೆಲ್ಲ ಹಿಟ್ಟು ಮೆತ್ತಿಕೊಂಡಿತ್ತು. "ಗಿರಣಿ ಬಾಗ್ಲಲ್ಲಿ ಒಂದೇ ಸಮ ಅಳ್ತಿತ್ತು ಕಣ್ರೀ, ಎರಡು ದಿನ ಇಟ್ಕೊಂಡು ಯಾರಿಗಾದ್ರೂ ಕೊಟ್ಬಿಡೋಣ" ಎಂದಳು. ಆ ಎರಡು ದಿನ ಇನ್ನೂ ಮುಗಿದಿಲ್ಲ.

ಹೆಸರು ಬಂಗಾರ. ಇಟ್ಟವಳು ಅವಳೇ. ಇಲ್ಲಿಂದಲೇ ನನ್ನ ಸಂಕಟ ಶುರು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಮದುವೆಯಾಗಿ ಮೂವತ್ತೊಂದು ವರ್ಷವಾಯಿತು, ನನ್ನನ್ನು ಅವಳು "ಏನ್ರೀ" ಎಂದು ಕರೆದಿದ್ದಾಳೆ, "ಇಲ್ನೋಡಿ" ಎಂದಿದ್ದಾಳೆ, ಬೇರೆಯವರ ಮುಂದೆ "ನಮ್ಮನೆಯೋರು" ಎಂದಿದ್ದಾಳೆ. ನನಗೂ ಅಪ್ಪ ಅಮ್ಮ ಒಂದು ಹೆಸರು ಇಟ್ಟಿದ್ದಾರೆ ಎನ್ನುವುದು ಮತಗಟ್ಟೆಯಲ್ಲಿ ಮಾತ್ರ ಖಚಿತವಾಗುತ್ತದೆ. ಬಂಗಾರನ ಹೆಸರಾದರೋ ಬೆಳಿಗ್ಗೆ ಬಾಗಿಲು ತೆಗೆದಾಗಿನಿಂದ ದೀಪ ಆರಿಸುವವರೆಗೆ ಮನೆಯಲ್ಲಿ ಮೊಳಗುತ್ತಿರುತ್ತದೆ. ಬಂಗಾರ ಎದ್ನಾ, ಬಂಗಾರ ತಿಂದ್ನಾ, ಬಂಗಾರನಿಗೆ ಸೆಖೆ, ಫ್ಯಾನ್ ಈ ಕಡೆ ತಿರುಗಿಸಿ. ಫ್ಯಾನು ತಿರುಗಿಸುವವನು ನಾನು. ಊಟದ ಲೆಕ್ಕವನ್ನಂತೂ ಕೇಳಲೇಬೇಡಿ. ನನಗೆ ಕೊಲೆಸ್ಟ್ರಾಲ್ ಇದೆಯೆಂದು ಡಾಕ್ಟರು ಒಮ್ಮೆ ಬಾಯಿತಪ್ಪಿ ಹೇಳಿದ್ದಕ್ಕೆ ತಟ್ಟೆಯಲ್ಲಿ ಸೊಪ್ಪಿನ ಸಾರು ಬಿಟ್ಟರೆ ಇನ್ನೇನೂ ಬೀಳುವುದಿಲ್ಲ. ನನ್ನ ಕಣ್ಣ ಮುಂದೆಯೇ ಬಂಗಾರನ ತಟ್ಟೆಗೆ ಕೋಳಿ ಈಲಿ, ಬೇಯಿಸಿದ ಮೊಟ್ಟೆ. ಒಂದು ಭಾನುವಾರ ಆ ಮೊಟ್ಟೆಯ ಅರ್ಧವನ್ನು ನಾನು ಎತ್ತಿಕೊಂಡದ್ದು ನಿಜ. "ನಾಚ್ಕೆ ಆಗಲ್ವೇನ್ರೀ, ಮಗು ತಟ್ಟೆಗೆ ಕೈ ಹಾಕಕ್ಕೆ" ಎಂದಳು. ಮಗು ನನ್ನ ಕಡೆ ನೋಡಿ ತುಟಿ ನೆಕ್ಕಿಕೊಂಡಿತು.

ಹೀಗಿರುವಾಗ ಬಂಗಾರನಿಗೆ ಪ್ರಾಯ ಬಂತು. ಕಾಂಪೌಂಡು ಹಾರಿ ಹೋಗಲು ಕಲಿತ. ಯಾವ ಬೀದಿಯಲ್ಲಿ ಯಾವ ಹೆಣ್ಣುನಾಯಿ ಬೆದೆಗೆ ಬಂದಿದೆ ಎಂಬುದು ಅವನಿಗೆ ಹೇಗೋ ತಿಳಿಯುತ್ತಿತ್ತು. ಮೊದಲ ಸಲ ಕಾಲು ಕುಂಟಿಕೊಂಡು ಬಂದ, ಎರಡನೇ ಸಲ ಕಿವಿ ಹರಿಸಿಕೊಂಡು ಬಂದ. ಮೂರನೇ ಸಲ ಇಂಡಸ್ಟ್ರಿಯಲ್ ಏರಿಯಾದ ರಸ್ತೆಯಲ್ಲಿ ಲಾರಿಯ ಚಕ್ರಕ್ಕೆ ಗೇಣು ದೂರದಲ್ಲಿ ತಪ್ಪಿಸಿಕೊಂಡದ್ದನ್ನು ಯಾರೋ ನೋಡಿ ಬಂದು ಹೇಳಿದಾಗ ಜಯಮ್ಮ ಒಲೆಯನ್ನೂ ಆರಿಸದೆ ಅಡುಗೆಮನೆಯಿಂದ ರಸ್ತೆಗೆ ಓಡಿದಳು. ಕಿವಿಗೆ ಹೊಲಿಗೆ ಹಾಕಿದ ನಾಯಿಗಳ ಡಾಕ್ಟರಮ್ಮ, "ಇವನಿಗೆ ಸಂತಾನಹರಣ ಆಪರೇಷನ್ ಮಾಡಿಸೋದನ್ನ ಯೋಚನೆ ಮಾಡಿ, ಒಂದು ದಿನ ಇಬ್ಬರೂ ಬನ್ನಿ, ಕೂತು ಮಾತಾಡೋಣ" ಎಂದಿದ್ದರಂತೆ.

ಮುಚ್ಚುಮರೆ ಏಕೆ, ನನಗೆ ಖುಷಿಯಾಯಿತು. ಅವನ ಜೀವನದಲ್ಲೂ ಒಂದು ಕಷ್ಟ ಬರಲಿ ಎನ್ನಿಸಿತು. "ಮಾಡಿಸಿಬಿಡೋಣ, ನಾಳೆನೇ ಮಾಡಿಸೋಣ" ಎಂದೆ. ಆ ಖುಷಿ ಎರಡು ದಿನವೂ ಬಾಳಲಿಲ್ಲ. ಜಯಮ್ಮ ಎಲ್ಲೆಲ್ಲೋ ವಿಚಾರಿಸಿಕೊಂಡು ಬಂದು ಆಪರೇಷನ್ ನಂತರದ ಏರ್ಪಾಡುಗಳನ್ನು ಒಂದೊಂದಾಗಿ ಹೇಳತೊಡಗಿದಳು. ಹತ್ತು ದಿನ ಬಂಗಾರ ಹಾರಬಾರದು, ಓಡಬಾರದು. ಗಾಯ ನೆಕ್ಕದ ಹಾಗೆ ಕೊರಳಿಗೆ ಕೊಡೆಯಂಥದ್ದೊಂದು ಪ್ಲಾಸ್ಟಿಕ್ ಪಟ್ಟಿ ಹಾಕಬೇಕು. ಕೋಳಿ ಬೇಯಿಸಿ ಅನ್ನದ ಜೊತೆ ಕಲಸಿ ಕೈಯಲ್ಲೇ ತಿನ್ನಿಸಬೇಕು. ಅವಳು ಹಾಲ್‌ನಲ್ಲಿ ಅವನ ಪಕ್ಕದಲ್ಲೇ ಹಾಸಿಗೆ ಹಾಕಿಕೊಳ್ಳುತ್ತಾಳೆ. ನನ್ನ ತಂಗಿ ಮಗಳ ನಿಶ್ಚಿತಾರ್ಥಕ್ಕೆ ಬರಲಾಗುವುದಿಲ್ಲ ಎಂದು ಆಗಲೇ ಫೋನ್ ಮಾಡಿ ಹೇಳಿಯೂ ಆಗಿತ್ತು. ಹೋದ ವರ್ಷ ನಾನು ಎರಡು ದವಡೆಹಲ್ಲು ಕೀಳಿಸಿಕೊಂಡು ಬಂದಾಗ ಇವಳು ಒಂದು ಲೋಟ ಗಂಜಿ ಮೇಜಿನ ಮೇಲಿಟ್ಟು, ಆರೋದ್ರೊಳಗೆ ಕುಡೀರಿ ಎಂದು ಹೇಳಿ ಧಾರಾವಾಹಿ ನೋಡಲು ಹೋಗಿದ್ದಳು. ಹತ್ತು ದಿನ ಕೈತುತ್ತು! ನನ್ನ ಎದೆಯಲ್ಲಿ ಒಲೆ ಹೊತ್ತಿಕೊಂಡಿತು. ಅಂದೇ ನಾನು ಪಕ್ಷ ಬದಲಿಸಿದೆ. ಈ ಆಪರೇಷನ್ ಆಗಕೂಡದು.

ಆದರೆ ಹೊಟ್ಟೆಕಿಚ್ಚಿನಿಂದ ಬೇಡ ಎಂದರೆ ಯಾರು ಕೇಳುತ್ತಾರೆ? ಅದಕ್ಕೆ ಕಾಳಜಿಯ ಅಂಗಿ ತೊಡಿಸಬೇಕಾಯಿತು. ಕ್ಯಾಂಟೀನಿನಲ್ಲಿ ವಿಷಯ ತೆಗೆದೆ. ಗಂಡುನಾಯಿಯ ಆಪರೇಷನ್ ಎಂದ ಕೂಡಲೇ ಮೇಜಿನ ಸುತ್ತ ಕೂತಿದ್ದ ಗಂಡಸರೆಲ್ಲ ತಟ್ಟೆ ಹಾಗೇ ಬಿಟ್ಟು ಕಾಲು ಒಟ್ಟಿಗೆ ಸೇರಿಸಿಕೊಂಡರು. ಫಿಟ್ಟರ್ ಮುನಿರಾಜು, "ಬ್ಯಾಡ ಗುರು, ಪಾಪದ ಕೆಲ್ಸ. ಒಂದ್ ಸಲನಾದ್ರೂ ಅಪ್ಪ ಆಗ್ಲಿ. ಆಪರೇಷನ್ ಮಾಡ್ಸುದ್ರೆ ಮನೆ ಕಾಯೋದ್ನೇ ಬಿಟ್ಬಿಡ್ತವೆ, ತಿಂದ್ ತಿಂದ್ ಕುಂಬಳಕಾಯಿ ಆಯ್ತವೆ" ಎಂದ. ಮುನಿರಾಜು ಯಾವತ್ತೂ ನಾಯಿ ಸಾಕಿದವನಲ್ಲ. ಆದರೆ ನನಗೆ ಬೇಕಾದದ್ದನ್ನು ಹೇಳಿದ್ದರಿಂದ ಅವನ ಅನುಭವವನ್ನು ಪ್ರಶ್ನಿಸಲು ಹೋಗಲಿಲ್ಲ. ನಮ್ಮಲ್ಲಿ ಹೊಸ ಭಾಗವೊಂದು ಮೆಷಿನ್‌ಗೆ ಹೋಗುವ ಮುಂಚೆ ಚೆಕ್ ಶೀಟ್ ತುಂಬುವ ಪದ್ಧತಿ ಇದೆ. ಏನೇನು ಕೆಡಬಹುದು, ಕೆಟ್ಟರೆ ಎಷ್ಟು ನಷ್ಟ, ತಡೆಯುವುದು ಹೇಗೆ, ಎಲ್ಲಕ್ಕೂ ಒಂದೊಂದು ಕಾಲಂ. ಅದನ್ನು ತುಂಬುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಅದೇ ಫಾರಮ್ಮಿನ ಒಂದು ಖಾಲಿ ಹಾಳೆ ತಂದು, ಭಾಗದ ಹೆಸರು ಎನ್ನುವ ಕಡೆ ಬಂಗಾರ ಎಂದು ಬರೆದೆ. ಮೂರು ಸಾಯಂಕಾಲ ಮೊಬೈಲು ತಿಕ್ಕಿ ತಿಕ್ಕಿ ಹದಿನೇಳು ಪ್ರಶ್ನೆಗಳನ್ನು ತಯಾರು ಮಾಡಿದೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ತಾಳ್ಮೆಯವರು. ನಾನು ಹಾಳೆ ಬಿಚ್ಚಿ ಕನ್ನಡಕ ಏರಿಸಿಕೊಂಡಾಗ ಕುರ್ಚಿ ಎಳೆದುಕೊಂಡು ಎದುರಿಗೇ ಕೂತರು. ಅರಿವಳಿಕೆ ಕೊಟ್ಟಾಗ ಹೆಚ್ಚುಕಮ್ಮಿ ಆದರೆ? "ಅಪಾಯ ಇಲ್ಲವೇ ಇಲ್ಲ ಅಂತ ಹೇಳಲ್ಲ ಸಾರ್. ಆರೋಗ್ಯವಾಗಿರೋ ನಾಯಿಗೆ ತುಂಬಾ ಕಮ್ಮಿ. ಮೊದಲು ರಕ್ತ ಪರೀಕ್ಷೆ ಮಾಡಿ ನೋಡ್ಕೊಳ್ತೀವಿ." ಮೂಳೆ, ಕೀಲು? "ಬೆಳೆಯೋ ವಯಸ್ಸಲ್ಲಿ, ಅದರಲ್ಲೂ ದೊಡ್ಡ ಜಾತಿ ನಾಯಿಗಳಿಗೆ ಬೇಗ ಮಾಡಿಸಿದ್ರೆ ಕೀಲಿನ ತೊಂದರೆ ಬರೋ ಸಾಧ್ಯತೆ ಜಾಸ್ತಿ. ಇವನದು ಬೆಳವಣಿಗೆ ಮುಗಿದಿದೆ." ದಪ್ಪಗಾಗುತ್ತಾನಂತಲ್ಲ? "ಆಮೇಲೆ ಅಷ್ಟು ಊಟ ಬೇಕಾಗಲ್ಲ, ಅಳತೆ ಕಮ್ಮಿ ಮಾಡ್ಬೇಕು. ಮಾಡದಿದ್ರೆ ದಪ್ಪ ಆಗ್ತಾನೆ." ಇದನ್ನು ಕೇಳಿ ಒಂದು ಕ್ಷಣ ಆಪರೇಷನ್ ಪರವಾಗಿ ನನ್ನ ಮನಸ್ಸು ವಾಲಿತು. ಆದರೂ ಬಿಡಲಿಲ್ಲ. ಕೆಲವು ಕ್ಯಾನ್ಸರುಗಳು ಹೆಚ್ಚಾಗುತ್ತವೆ ಎಂದು ಓದಿದ್ದೇನೆ ಎಂದೆ. ವೃಷಣದ ಕ್ಯಾನ್ಸರಿನ ಚಿಂತೆ ಪೂರ್ತಿ ಹೋಗುತ್ತದೆ, ವಯಸ್ಸಾದ ಮೇಲೆ ಪ್ರಾಸ್ಟೇಟ್ ಊದಿಕೊಂಡು ಒದ್ದಾಡುವುದು ತಪ್ಪುತ್ತದೆ; ಕೆಲವು ಜಾತಿಗಳಲ್ಲಿ ಬೇರೆ ಕೆಲವು ಕ್ಯಾನ್ಸರುಗಳು ಸ್ವಲ್ಪ ಹೆಚ್ಚು ಕಂಡಿವೆ, ಎಲ್ಲ ನಾಯಿಗೂ ಹಾಗೇ ಎಂದು ಹೇಳಲು ಬರುವುದಿಲ್ಲ ಎಂದು ಬಿಡಿಸಿ ಹೇಳಿದರು. ಸ್ವಭಾವ? ಹೆಣ್ಣಿನ ಹಿಂದೆ ಅಲೆಯುವುದು ಕಮ್ಮಿಯಾಗುತ್ತದೆ, ಆದರೆ ಎಲ್ಲ ಜಗಳವೂ ನಿಲ್ಲುತ್ತದೆ ಎಂದು ಭಾವಿಸಬೇಡಿ, ಭಯದಿಂದ ಕಚ್ಚುವ ನಾಯಿ ಆಮೇಲೆಯೂ ಕಚ್ಚಬಹುದು ಎಂದರು. "ಒಂದೊಂದು ನಾಯಿಗೂ ಬೇರೆ ಬೇರೆಯಾಗಿ ತೂಗಿ ನೋಡ್ಬೇಕು ಸಾರ್. ಮನೇಲೇ ಇರೋ ನಾಯಿ ಆಗಿದ್ರೆ ಆತುರ ಇಲ್ಲ ಅಂತಿದ್ದೆ. ಇವನು ಲಾರಿ ಓಡಾಡೋ ರಸ್ತೆಗೆ ಹಾರ್ತಾನೆ. ಅದಕ್ಕೆ ಮಾಡಿಸಿ ಅಂತೀನಿ."

ನನ್ನ ಬತ್ತಳಿಕೆಯಲ್ಲಿ ಕೊನೆಯ ಬಾಣ ಉಳಿದಿತ್ತು. ಇಷ್ಟು ದೊಡ್ಡ ಆಪರೇಷನ್ ಈ ಬಡಪಾಯಿ ತಡೆದುಕೊಂಡಾನೆಯೇ ಎಂದು ದನಿ ಕುಗ್ಗಿಸಿ ಕೇಳಿದೆ. ಡಾಕ್ಟರಮ್ಮ ನಕ್ಕರು. "ಗಂಡಿಗೆ ಸಣ್ಣದು ಸಾರ್. ಹೆಣ್ಣಾಗಿದ್ರೆ ಹೊಟ್ಟೆ ತೆರೀಬೇಕು, ಅದು ದೊಡ್ಡದು. ಗಂಡು ಸಾಯಂಕಾಲಕ್ಕೆ ಎದ್ದು ಓಡಾಡುತ್ತೆ." ಜಯಮ್ಮ ಅಷ್ಟು ಹೊತ್ತೂ ಬಂಗಾರನ ಬೆನ್ನು ಸವರುತ್ತ ಕೂತಿದ್ದವಳು ಆಗ ತಲೆ ಎತ್ತಿ ನನ್ನನ್ನು ನೋಡಿದಳು. ನನ್ನ ಪಾಂಡಿತ್ಯಕ್ಕೆ ಬೆರಗಾಗಿದ್ದಾಳೆ ಎಂದುಕೊಂಡೆ. ಒಪ್ಪಿಗೆ ಪತ್ರವನ್ನು ನಾನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಎರಡು ಸಲ ಓದಿ, ಒಂದು ಕಡೆ ಅರ್ಥ ಕೇಳಿ, ಬೇರೆ ದಾರಿ ಕಾಣದೆ ಸಹಿ ಹಾಕಿದೆ. "ಇಷ್ಟು ಕಾಳಜಿ ಮಾಡೋರನ್ನ ನಾನು ನೋಡೇ ಇಲ್ಲ. ಪುಣ್ಯ ಮಾಡಿದಾನೆ ಬಂಗಾರ" ಎಂದರು ಡಾಕ್ಟರಮ್ಮ.

ವಾಪಸು ಬರುವಾಗ ಆಟೋದಲ್ಲಿ ನಾವಿಬ್ಬರೂ ಆ ಕಡೆ ಈ ಕಡೆ, ಬಂಗಾರ ನಡುವೆ. ಜಯಮ್ಮ ನನ್ನ ಪ್ರಶ್ನೆಗಳ ಹಾಳೆಯನ್ನು ತೆಗೆದುಕೊಂಡು ಮಡಿಸಿ ಚೀಲಕ್ಕೆ ಸೇರಿಸಿದಳು. ಆಮೇಲೆ, "ಚಿಕ್ಕವಳು ಹುಟ್ಟಿದ್ಮೇಲೆ ನನ್ನ ಆಪರೇಷನ್ ಆಯ್ತಲ್ಲ, ಅವತ್ತು ಡಾಕ್ಟ್ರುನ್ನ ಎಷ್ಟು ಪ್ರಶ್ನೆ ಕೇಳಿದ್ರಿ?" ಎಂದಳು.

ನಾನು ನೆನಪು ಮಾಡಿಕೊಂಡೆ. ಮಾಡಿಕೊಳ್ಳಬೇಕಾಗಿರಲಿಲ್ಲ, ಒಂದೇ ಪ್ರಶ್ನೆ ಇದ್ದದ್ದು. ಯಾವಾಗ ಮನೆಗೆ ಕಳಿಸುತ್ತೀರಿ ಎಂದು ಕೇಳಿದ್ದೆ.

"ಕಾಗ್ದ ಕೊಟ್ರು. ಓದ್ದೇನೇ ಸೈನ್ ಹಾಕುದ್ರಿ. ಸೆಕೆಂಡ್ ಶಿಫ್ಟ್‌ಗೆ ಟೈಮಾಯ್ತು ಅಂತ ಹೋದ್ರಿ." ಬೈಯುವ ದನಿಯಲ್ಲ. ಸೊಪ್ಪು ಸೋಸುತ್ತ ಮಾತಾಡುವಾಗಿನ ದನಿ. "ಅದಕ್ಕೂ ಮುಂಚೆ ನರ್ಸಮ್ಮ ಮನೆಗ್ ಬಂದು ಹೇಳಿದ್ರು, ನಿಮ್ಮನೆಯೋರು ಮಾಡಿಸ್ಕೊಳ್ಳಿ, ಗಂಡಸ್ರಿಗೆ ಸಣ್ಣದು, ಹೆಂಗಸ್ರಿಗೆ ಹೊಟ್ಟೆ ಕುಯ್ಬೇಕು ಅಂತ. ನಂದು ಭಾರ ಎತ್ತೋ ಕೆಲ್ಸ, ಆಗಲ್ಲ ಅಂದ್ರಿ. ನಾನು ನಿಜ ಇರ್ಬೇಕು ಅನ್ಕೊಂಡೆ. ಹದಿನೈದನೇ ದಿನಕ್ಕೆ ಬೋರ್‌ವೆಲ್ಲಿಂದ ಬಿಂದಿಗೆ ಹೊತ್ಕೊಂಡು ಬಂದೆ."

ನಾನು ಆ ಕಾಲದಲ್ಲೂ ಇನ್‌ಸ್ಪೆಕ್ಷನ್ ವಿಭಾಗದಲ್ಲೇ ಇದ್ದೆ. ಕಾರ್ಖಾನೆಯಲ್ಲಿ ಇಷ್ಟು ವರ್ಷಗಳಲ್ಲಿ ನಾನು ಎತ್ತಿರುವ ಅತ್ಯಂತ ಭಾರದ ವಸ್ತು ದಪ್ಪ ಅಳೆಯುವ ವರ್ನಿಯರ್ ಕ್ಯಾಲಿಪರ್, ಅದನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳಬಹುದು. ಒಂದು ಸ್ಕ್ರೂ ಕೂಡ ಅಳೆಯದೆ ಪಾಸು ಮಾಡದವನು ಹೆಂಡತಿಯ ಹೊಟ್ಟೆ ಕುಯ್ಯುವ ಕಾಗದವನ್ನು ನಿಂತ ನಿಲುವಿನಲ್ಲಿ ಪಾಸು ಮಾಡಿ ಕಳಿಸಿದ್ದೆ. ಬಂಗಾರನ ಕಿವಿ ಸವರಿದೆ.

"ಬೈತಿಲ್ಲ ಕಣ್ರೀ ನಾನು" ಎಂದಳು ಜಯಮ್ಮ, ಹೊರಗೆ ನೋಡುತ್ತ. "ನೀವು ಒಂದೊಂದೇ ಪ್ರಶ್ನೆ ಓದ್ತಿದ್ರೆ, ಇವನ್ನ ಕಂಡು ಒಂಚೂರು ಹೊಟ್ಟೆಕಿಚ್ಚಾಯ್ತು. ಅಷ್ಟೇ."

ಇಷ್ಟು ದಿನ ನಮ್ಮ ಮನೆಯಲ್ಲಿ ಹೊಟ್ಟೆಕಿಚ್ಚು ನನ್ನೊಬ್ಬನ ಸ್ವತ್ತು ಎಂದುಕೊಂಡಿದ್ದೆ. ಅದು ಅವಳಿಗೂ ಬಂತು ಎಂದು ತಿಳಿದ ಮೇಲೆ ನನ್ನದರಲ್ಲಿ ರುಚಿಯೇ ಉಳಿಯಲಿಲ್ಲ, ಏಕೆಂದರೆ ಅವಳದ್ದಕ್ಕೆ ಕಾರಣವಿತ್ತು. ಮಾರನೆಯ ದಿನ ನಾನು ತಂಗಿಗೆ ಫೋನ್ ಮಾಡಿ, ನಿಮ್ಮತ್ತಿಗೆ ನಿಶ್ಚಿತಾರ್ಥಕ್ಕೆ ಬರುತ್ತಾಳೆ, ನಾನು ಬರುವುದಿಲ್ಲ, ನನಗೆ ಮನೆಯಲ್ಲಿ ಕೆಲಸವಿದೆ ಎಂದೆ. ಹತ್ತು ದಿನ ರಜೆ ಬರೆದುಕೊಟ್ಟೆ. ಕಾರಣ ಎನ್ನುವ ಕಡೆ ಮನೆಯಲ್ಲಿ ಆಪರೇಷನ್ ಎಂದು ಬರೆದೆ. ಯಾರಿಗೆ ಎಂದು ಮ್ಯಾನೇಜರ್ ಕೇಳಿದರು, ಹೇಳಿದೆ, ಅವರು ಬಹಳ ಹೊತ್ತು ನಕ್ಕು ಆಮೇಲೆ ಸಹಿ ಹಾಕಿದರು. ಕೋಳಿ ಬೇಯಿಸುವುದನ್ನು ಜಯಮ್ಮನೇ ಹೇಳಿಕೊಟ್ಟಳು. ಅನ್ನ ಮೊದಲ ದಿನ ಸೀದಿತು, ಎರಡನೇ ದಿನ ಬೆಂದಿತು.

ಆಪರೇಷನ್ ಸಲೀಸಾಗಿ ಆಯಿತು. ಬೆಳಿಗ್ಗೆ ಕರೆದುಕೊಂಡು ಹೋದ ಬಂಗಾರನನ್ನು ಮಧ್ಯಾಹ್ನ ಮನೆಗೆ ತಂದೆವು. ಸೂರ್ಯ ಇಳಿಯುವ ಹೊತ್ತಿಗೆ ಅವನು ಪ್ಲಾಸ್ಟಿಕ್ ಕೊಡೆ ಸಮೇತ ಎದ್ದ, ಬಾಗಿಲ ಚೌಕಟ್ಟಿಗೆ ಎರಡು ಸಲ ಡಿಕ್ಕಿ ಹೊಡೆದ, ಮೂರನೇ ಸಲ ದಾರಿ ಹುಡುಕಿಕೊಂಡು ವರಾಂಡದಲ್ಲಿ ತಿರುಗಾಡತೊಡಗಿದ. ಜಯಮ್ಮ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಳು. ಆ ಕಾಫಿ ಮಾಡಿದವನೂ ನಾನೇ. ಅವನು ಅವಳ ಮೊಣಕಾಲಿಗೆ ಬಂದು ಒರಗಿದಾಗ ತಲೆ ಸವರಿ, "ನೋಡ್ದಾ ಮಗಾ, ಸಾಯಂಕಾಲಕ್ಕೆ ಎದ್ಬಿಟ್ಟೆ. ಅಷ್ಟೇ ಕಣಪ್ಪಾ ಇದು, ಸುಮ್ನೆ ಎದ್ರುಕೋತಾರೆ" ಎಂದಳು. ಮಾತಾಡುವಾಗ ನೋಡುತ್ತಿದ್ದದ್ದು ನನ್ನನ್ನೋ ಅವನನ್ನೋ, ಪರೀಕ್ಷೆ ಮಾಡಲು ನನಗೆ ಧೈರ್ಯ ಬರಲಿಲ್ಲ. ನಮ್ಮ ಮನೆಯಲ್ಲಿ ಗಂಡಸರು ಇರುವುದು ಇಬ್ಬರೇ. ಅವರಲ್ಲಿ ಒಬ್ಬ ಆ ಸಣ್ಣ ಆಪರೇಷನ್ ಮಾಡಿಸಿಕೊಂಡು ಎದ್ದು ಓಡಾಡುತ್ತಿದ್ದ. ಇನ್ನೊಬ್ಬ ಅವನನ್ನೇ ನೋಡುತ್ತ ಕೂತಿದ್ದ, ಇಷ್ಟು ದಿನಗಳಲ್ಲಿ ಮೊದಲ ಸಲ ತಕ್ಕ ಕಾರಣಕ್ಕೆ ಹೊಟ್ಟೆಕಿಚ್ಚು ಪಡುತ್ತ.